ನೀರೇ ಬೇಲಿ

ಬೊಮ್ಮನಹಳ್ಳಿಯಿಂದ ಬಿಟಿಎಂ ಬಡಾವಣೆ ಕಡೆಗೆ ಬೆಳಗಿನ ಆರು ಗಂಟೆಗೆ ನಡೆದು ಹೋದರೆ ಮಡಿವಾಳ ಕೆರೆ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬೀಳುತ್ತದೆ. ಹೊಸೂರು ರಸ್ತೆಯ ಲಾರಿಗಳ ಸದ್ದು, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಹಾರ್ನು ಬೆನ್ನ ಹಿಂದೆಯೇ ಬರುತ್ತಿರುತ್ತವೆ. ಏರಿಯ ಮೇಲೆ ನಿಂತು ನೀರಿನತ್ತ ತಿರುಗಿದಾಗ ಮಾತ್ರ ಬೇರೊಂದು ಗದ್ದಲ ಕೇಳಿಸುತ್ತದೆ. ಕೆರೆಯ ನಡುವೆ ಒಂದು ದಿಬ್ಬ, ದಿಬ್ಬದ ತುಂಬ ಮರ, ಮರದ ತುಂಬ ಹಕ್ಕಿ. ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿರುತ್ತವೆ. ಬೆಳ್ಳಕ್ಕಿಗಳು ಒಂದರ ಜಾಗಕ್ಕೆ ಇನ್ನೊಂದು ನುಗ್ಗುತ್ತವೆ. ಹೆಜ್ಜಾರ್ಲೆಯೊಂದು ಕಡ್ಡಿ ಕಚ್ಚಿಕೊಂಡು ತಗ್ಗಿನಲ್ಲಿ ಹಾರಿ ಬಂದು, ಆ ದೊಡ್ಡ ಮೈಯನ್ನು ಸಣ್ಣ ಕೊಂಬೆಯ ಮೇಲೆ ಇಳಿಸುವಾಗ ಇಡೀ ಮರ ತೂಗುತ್ತದೆ.

ವರ್ಷಗಳಿಂದ ಇದನ್ನು ನೋಡುತ್ತಿದ್ದರೂ ನನ್ನನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ದಡದಲ್ಲೂ ಮರಗಳಿವೆ. ಕೆಲವು ದಿಬ್ಬದ ಮರಗಳಿಗಿಂತ ಎತ್ತರ, ನೆರಳೂ ಹೆಚ್ಚು. ದಿಬ್ಬದ ಮರಗಳಾದರೋ ಹಿಕ್ಕೆಯಿಂದ ಬೆಳ್ಳಗಾಗಿ ಅರ್ಧ ಒಣಗಿವೆ. ಆದರೂ ಹಕ್ಕಿಗಳು ಅಲ್ಲಿಯೇ ಒತ್ತೊತ್ತಾಗಿ ಕೂರುತ್ತವೆ. ಆ ಮರಕ್ಕೂ ಈ ಮರಕ್ಕೂ ಇರುವ ವ್ಯತ್ಯಾಸ ಒಂದೇ, ನಡುವಿನ ನೀರು. ನಾಯಿ ಬರುವುದಿಲ್ಲ, ಬೆಕ್ಕು ಬರುವುದಿಲ್ಲ, ಕಲ್ಲು ಹಿಡಿದ ಹುಡುಗರು ಬರುವುದಿಲ್ಲ. ಅರಣ್ಯ ಇಲಾಖೆಯ ತಂತಿಬೇಲಿಯಾಗಲಿ ಪಾಲಿಕೆಯ ಫಲಕವಾಗಲಿ ಮಾಡಲಾಗದ ಕಾವಲನ್ನು ಕೆಲವು ಅಡಿ ಆಳದ ನೀರು ಹಗಲೂ ರಾತ್ರಿ ಮಾಡುತ್ತಿದೆ.

ಈ ಕಾವಲು ಹೇಗೆ ನಡೆಯುತ್ತದೆ, ಅದರ ಕೀಲಿ ಯಾರ ಕೈಯಲ್ಲಿದೆ ಎಂದು ಹುಡುಕುತ್ತ ಹೋದವನನ್ನು ದಾರಿ ಲಕ್ಷದ್ವೀಪದ ಒಂದು ಮರಳು ದಿಬ್ಬದ ಕಥೆಯವರೆಗೂ, ಭದ್ರಾ ಜಲಾಶಯದ ನಡುವಿನ ಒಂದು ಬೋಳುಗುಡ್ಡದವರೆಗೂ ಎಳೆದುಕೊಂಡು ಹೋಯಿತು.

ನೀರ ನಡುವಿನ ನೆಲಕ್ಕೆ ನಮ್ಮಲ್ಲಿ ಹೆಸರುಗಳಿಗೆ ಬರವಿಲ್ಲ. ಶಾಲೆಯಲ್ಲಿ ಕಲಿತದ್ದು ದ್ವೀಪ, ನಡುಗಡ್ಡೆ. ಕಾವೇರಿ ತೀರದವರಿಗೆ ಅದು ತಿಟ್ಟು. ಹಂಪಿಯ ಕಡೆ ತುಂಗಭದ್ರೆಯಲ್ಲಿ ಗಡ್ಡೆ. ಉಡುಪಿ, ಕುಂದಾಪುರದ ಅಳಿವೆಗಳಲ್ಲಿ ಕುದ್ರು. ಕುಮಟಾದ ಅಘನಾಶಿನಿಗೆ ಬಂದರೆ ಕುರ್ವೆ. ಇಷ್ಟೊಂದು ಹೆಸರು ಹುಟ್ಟಿದ್ದು ಈ ನೆಲ ಒಂದೇ ಅಳತೆಯಲ್ಲಿ ನಿಲ್ಲದ್ದರಿಂದ ಇರಬೇಕು ಎಂದು ನನಗನ್ನಿಸುತ್ತದೆ. ನೀರು ಕೊಟ್ಟದ್ದನ್ನು ನೀರೇ ತೆಗೆದುಕೊಳ್ಳುತ್ತದೆ. ಕರಾವಳಿಯಲ್ಲಿ ಈ ಕೊಡು-ಕೊಳ್ಳು ನಡೆಸುವವನು ಚಂದ್ರ. ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ಉಬ್ಬರ, ನಡುವೆ ಇಳಿತ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಜೋರು, ಅಷ್ಟಮಿಯ ಆಸುಪಾಸಿನಲ್ಲಿ ಸೌಮ್ಯ. ಇಳಿತದಲ್ಲಿ ದಡಕ್ಕೆ ಅಂಟಿಕೊಂಡು ಉಬ್ಬರದಲ್ಲಿ ಬೇರೆಯಾಗುವ ದ್ವೀಪಗಳು ಲೋಕದ ಎಷ್ಟೋ ಕಡಲತೀರಗಳಲ್ಲಿವೆ. ಮನುಷ್ಯನ ಕಣ್ಣಿಗೆ ಇಳಿತ ಸುಲಭದ ಹೊತ್ತು, ಪಂಚೆ ಎತ್ತಿ ಕಟ್ಟಿ ನಡೆದು ಹೋಗಬಹುದು. ಗೂಡಿನ ಮೇಲೆ ಕೂತ ಹಕ್ಕಿಗೆ ಅದೇ ಭಯದ ಹೊತ್ತು. ಏಕೆಂದರೆ ಮನುಷ್ಯ ನಡೆದು ಬರುವ ದಾರಿಯಲ್ಲಿ ನರಿಯೂ ಬರುತ್ತದೆ, ನಾಯಿಯೂ ಬರುತ್ತದೆ.

ಕಡಲಹಕ್ಕಿಗಳ ಬದುಕಿನ ಒಂದು ವಿಚಿತ್ರ ಇಲ್ಲಿದೆ. ಕೆಲವು ಜಾತಿಗಳು ತಿಂಗಳುಗಟ್ಟಲೆ ನೆಲ ಮುಟ್ಟದೆ ಇರಬಲ್ಲವು. ಮೀನು ಕಡಲಲ್ಲಿ, ನಿದ್ದೆ ಕಡಲ ಮೇಲೆ. ಆದರೆ ಮೊಟ್ಟೆಯನ್ನು ನೀರಿನ ಮೇಲೆ ಇಡಲಾಗುವುದಿಲ್ಲ. ಆ ಒಂದು ಕಾರಣಕ್ಕೆ ವರ್ಷಕ್ಕೊಮ್ಮೆ ಅವು ನೆಲದ ಋಣಕ್ಕೆ ಬೀಳುತ್ತವೆ. ಬಹಳಷ್ಟು ಜಾತಿಗಳು ಮರ ಹತ್ತುವುದಿಲ್ಲ, ಗೂಡು ನೇಯುವುದಿಲ್ಲ, ಬರಿನೆಲದ ಮೇಲೆ ಮೊಟ್ಟೆಯಿಟ್ಟು ಕೂರುತ್ತವೆ. ಹಾಗಾಗಿ ಅವಕ್ಕೆ ಬೇಕಾದ ನೆಲ ಸಣ್ಣದಿದ್ದಷ್ಟೂ, ಬೋಳಾಗಿದ್ದಷ್ಟೂ, ದಡದಿಂದ ದೂರವಿದ್ದಷ್ಟೂ ಒಳ್ಳೆಯದು. ಸಾವಿರಾರು ಚದರ ಮೈಲಿ ಸಮುದ್ರದಲ್ಲಿ ಮೀನು ಹಿಡಿಯುವ ಒಂದು ಇಡೀ ಸಂತತಿಯ ಅಳಿವು-ಉಳಿವು ಹೀಗೆ ಎರಡು ಮೂರು ಎಕರೆ ಮರಳಿನ ಮೇಲೆ ನಿಂತುಬಿಡುತ್ತದೆ.

ಲಕ್ಷದ್ವೀಪದ ಪಕ್ಷಿಪಿಟ್ಟಿ ಅಂಥದ್ದೊಂದು ಜಾಗ. ಕವರತ್ತಿಯಿಂದ ವಾಯವ್ಯಕ್ಕೆ ಸುಮಾರು 24 ಕಿಲೋಮೀಟರ್ ದೂರದಲ್ಲಿ, 1.2 ಹೆಕ್ಟೇರಿನಷ್ಟು ಮರಳು ಮತ್ತು ಹವಳದ ಚೂರು. ಮರವಿಲ್ಲ, ಕುಡಿಯುವ ನೀರಿಲ್ಲ, ಮನೆಯಿಲ್ಲ. ಎ. ಓ. ಹ್ಯೂಮ್ 1875ರಲ್ಲಿ ಅಲ್ಲಿಗೆ ಹೋಗಿದ್ದರು. ಕಾಂಗ್ರೆಸ್ ಸ್ಥಾಪಕರೆಂದು ನಾವು ಪಠ್ಯಪುಸ್ತಕದಲ್ಲಿ ಓದುವ ಹ್ಯೂಮ್ ಅವರೇ ಇವರು, ಹಕ್ಕಿಗಳ ದೊಡ್ಡ ಅಭ್ಯಾಸಿ. ಇಂಗ್ಲಿಷಿನಲ್ಲಿ ಟರ್ನ್ ಎನ್ನುವ ಕಡಲ ರೀವಗಳು, ನಾಡಿ ಎಂಬ ಅದೇ ಬಳಗದ ಹಕ್ಕಿಗಳು ಸಾವಿರಗಟ್ಟಲೆ ಬಂದು ಮೊಟ್ಟೆಯಿಡುವ ಆ ದಿಬ್ಬವನ್ನು 1995ರಲ್ಲಿ ಪಕ್ಷಿಧಾಮ ಎಂದು ಘೋಷಿಸಲಾಯಿತು.

ಪಿಟ್ಟಿಗಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಬಿತ್ರ ದ್ವೀಪದ ಕಥೆ. ಇಂದು ಅದು ಲಕ್ಷದ್ವೀಪದಲ್ಲಿ ಜನ ವಾಸಿಸುವ ದ್ವೀಪಗಳಲ್ಲೇ ಅತಿ ಚಿಕ್ಕದು. ಆದರೆ 1956ರವರೆಗೆ ಅಮಿನಿದಿವಿ ದ್ವೀಪಗಳೊಂದಿಗೆ ಬಿತ್ರವೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅದರ ಕಡತಗಳು ಹೋಗಿ ಬರುತ್ತಿದ್ದುದು ಮಂಗಳೂರಿಗೆ. ಅಂದರೆ ನಮ್ಮ ಜಿಲ್ಲೆಯೊಂದರ ಅಂಗಳದಲ್ಲೇ ಕಡಲಹಕ್ಕಿಗಳ ಒಂದು ತವರು ಇತ್ತು. ಚೆತ್ಲತ್ ದ್ವೀಪದವರು ದೋಣಿ ಕಟ್ಟಿಕೊಂಡು ಅಲ್ಲಿಗೆ ಹೋಗಿ ಹಕ್ಕಿ, ಮೊಟ್ಟೆ ತರುತ್ತಿದ್ದರು. 1945ರ ಹೊತ್ತಿಗೆ ಚೆತ್ಲತ್‌ನಿಂದ ಬಂದ ಒಂದು ಕುಟುಂಬ ಅಲ್ಲೇ ನೆಲೆ ನಿಂತಿತು. ತಾಯಿ ಮತ್ತು ಮಗ ಎನ್ನುತ್ತಾರೆ. ಜನವಸತಿ ಬೆಳೆಯಿತು, ಹಕ್ಕಿಗಳ ತವರು ಹೋಯಿತು. ಬಂದವರನ್ನು ದೂರುವ ಮಾತಲ್ಲ ಇದು. ಬದುಕು ಹುಡುಕಿಕೊಂಡು ಬಂದ ಬಡವರು ಅವರು. ಆದರೆ ಒಂದು ಮನೆಯ ಒಲೆ ಹೊತ್ತಿದರೂ ಸಾಕು, ಕಡಲಹಕ್ಕಿಗೆ ಆ ದ್ವೀಪ ದ್ವೀಪವಾಗಿ ಉಳಿಯುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಒಳನಾಡಿನಲ್ಲಿ ಕೂತ ಬೆಂಗಳೂರಿನವರಿಗೆ ಇದೆಲ್ಲ ದೂರದ ಮಾತು ಅನ್ನಿಸಬಹುದು. ಹಾಗಿಲ್ಲ. ಕಡಲಹಕ್ಕಿಗಳ ವಂಶದ್ದೇ ಆದ ಒಂದು ಹಕ್ಕಿ ಕಡಲನ್ನು ಬಿಟ್ಟು ಹೊಳೆಗೆ ಬಂದು ನಮ್ಮ ನಡುವೆಯೇ ಸಂಸಾರ ಹೂಡಿದೆ. ಇಂಗ್ಲಿಷಿನಲ್ಲಿ ರಿವರ್ ಟರ್ನ್. ಕನ್ನಡದ ಪಕ್ಷಿವೀಕ್ಷಕರು ನದಿ ರೀವ ಎನ್ನುತ್ತಾರೆ. ಮೈ ಬೂದು, ತಲೆಗೆ ಕರಿಯ ಟೊಪ್ಪಿಗೆ, ಹಳದಿ ಕೊಕ್ಕು, ಕೆಂಪು ಕಾಲು, ಕತ್ತರಿಯಂತೆ ಸೀಳಿದ ಉದ್ದ ಬಾಲ. ಕಡಲಕಾಗೆಗಳೂ ರೀವಗಳೂ ಒಂದೇ ಕುಟುಂಬ. ಕಡಲ ದಾಯಾದಿಗಳಂತೆಯೇ ಇದೂ ಗೂಡು ಕಟ್ಟುವುದಿಲ್ಲ. ಎದೆಯಿಂದ ಮರಳನ್ನು ಒತ್ತಿ ಒಂದು ಗುಳಿ ಮಾಡಿ ಎರಡೋ ಮೂರೋ ಮೊಟ್ಟೆ ಇಡುತ್ತದೆ. ಕಾಲ, ಫೆಬ್ರುವರಿ ಕೊನೆಯಿಂದ ಮೇ ತಿಂಗಳವರೆಗೆ. ಹೊಳೆ ಸೊರಗಿ ಮರಳದಿಣ್ಣೆ ಏಳುವ ಕಾಲವೇ ಇದರ ಬಾಣಂತನದ ಕಾಲ.

ಆ ಮರಳದಿಣ್ಣೆಗಳು ಈಗ ಎಲ್ಲಿವೆ? ನಮ್ಮ ಮನೆಗಳ ಗೋಡೆಯಲ್ಲಿವೆ. ಹೊಳೆಯ ಮರಳು ಲಾರಿ ಹತ್ತಿ ನಗರಕ್ಕೆ ಬಂತು. ಉಳಿದ ಕಡೆ ಅಣೆಕಟ್ಟುಗಳು ಎದ್ದು ದಿಣ್ಣೆಗಳು ಮುಳುಗಿದವು. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ನದಿ ರೀವ ಇಂದು ಅಪಾಯಕ್ಕೆ ಸಿಲುಕಿದ ಜಾತಿ. ಹೀಗೆ ನೆಲ ಕಳೆದುಕೊಂಡ ಹಕ್ಕಿ ದೊಡ್ಡ ಸಂಖ್ಯೆಯಲ್ಲಿ ಆಸರೆ ಪಡೆದಿರುವ ಜಾಗವೂ ಒಂದು ಅಣೆಕಟ್ಟಿನ ಹಿನ್ನೀರೇ, ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಭದ್ರಾ ಜಲಾಶಯ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಅಲ್ಲಿ ದೋಣಿ ಹತ್ತಿದ್ದೆ. ಸುತ್ತಲೂ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಕಾಡು. 1951ರಲ್ಲಿ ಜಾಗರ ಕಣಿವೆಯ ಹೆಸರಿನಲ್ಲಿ ವನ್ಯಧಾಮವಾಗಿ, 1974ರಲ್ಲಿ ಹಿಗ್ಗಿ, 1998ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು. ಜಲಾಶಯದ ಪೂರ್ಣ ಮಟ್ಟ 186 ಅಡಿ. ಆಗ ನೀರು ಬಹಳ ಇಳಿದಿತ್ತು. ದಡದ ಸುತ್ತ ಕಾಡಿನ ಹಸಿರಿಗೂ ನೀರಿಗೂ ನಡುವೆ ಕೆಮ್ಮಣ್ಣಿನ ಅಗಲವಾದ ಪಟ್ಟಿ, ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಗೆರೆಗಳು. ನೀರು ದಿನದಿನಕ್ಕೂ ಇಳಿದು ನಿಂತ ಗುರುತು.

ದೋಣಿ ನಡೆಸುತ್ತಿದ್ದವರು ಆ ಗೆರೆಗಳ ಕಡೆ ಕೈ ಮಾಡಿ, ‘ನೀರು ಇಳಿದ್ರೆ ಗುಡ್ಡ ಏಳ್ತದೆ ಸಾರ್, ಗುಡ್ಡ ಎದ್ರೆ ಹಕ್ಕಿ ಬರ್ತವೆ’ ಎಂದರು. ಅಷ್ಟರಲ್ಲಿ ಗುಡ್ಡ ಕಾಣಿಸಿತು. ಗುಡ್ಡ ಎನ್ನಬೇಕೋ ಬೇಡವೋ, ಆನೆಯೊಂದು ನೀರಿನಲ್ಲಿ ಮಲಗಿ ಬೆನ್ನು ಮಾತ್ರ ಹೊರಗಿಟ್ಟ ಹಾಗೆ. ಅಣೆಕಟ್ಟು ಕಟ್ಟುವ ಮುನ್ನ ಅದು ನಿಜಕ್ಕೂ ಗುಡ್ಡದ ನೆತ್ತಿ. ಮಳೆಗಾಲದಲ್ಲಿ ಇಡಿಯಾಗಿ ಮುಳುಗುವುದರಿಂದ ಮರ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಎದ್ದಾಗ ಬರೀ ಕಲ್ಲು, ಜಲ್ಲಿ, ಒಣಮಣ್ಣು.

ಆ ಬೆನ್ನಿನ ಮೇಲೆ ತಿಲ ಇಡಲೂ ಜಾಗವಿರಲಿಲ್ಲ. ಸಾವಿರಗಟ್ಟಲೆ ಕರಿ ಟೊಪ್ಪಿಗೆಗಳು, ಎಲ್ಲವೂ ಗಾಳಿ ಬರುವ ಕಡೆಗೇ ಮುಖ ಮಾಡಿ ಕೂತಿದ್ದವು. ಅಷ್ಟೇ ಸಂಖ್ಯೆಯವು ಮೇಲೆ ಹಾರುತ್ತ, ಕಿರುಚುತ್ತ ಇದ್ದವು. ದೋಣಿಯವರು ಮೋಟಾರು ನಿಲ್ಲಿಸಿದರು. ಹತ್ತಿರ ಹೋಗಬಾರದು, ಇಳಿಯುವಂತೆಯೂ ಇಲ್ಲ. ದುರ್ಬೀನಿನಲ್ಲಿ ಒಂದೇ ಒಂದು ಹಕ್ಕಿಯ ಮೇಲೆ ಕಣ್ಣು ನೆಟ್ಟು ಕೂತೆ. ಬಿಸಿಲು ಏರಿದಂತೆ ಅದು ಮೊಟ್ಟೆಯ ಮೇಲಿಂದ ಎದ್ದು, ಕಾಲ ಮೇಲೆ ನಿಂತು, ರೆಕ್ಕೆ ಸ್ವಲ್ಪ ಅಗಲಿಸಿ ಕೊಡೆ ಹಿಡಿದಂತೆ ನೆರಳು ಮಾಡಿತು. ಕಾವು ಕೊಡುವುದು ಎಂದರೆ ಬಿಸಿ ಕೊಡುವುದು ಎಂದೇ ನಾನು ತಿಳಿದಿದ್ದೆ. ಕಾದ ಕಲ್ಲಿನ ಮೇಲೆ ಮೊಟ್ಟೆಯಿಟ್ಟ ತಾಯಿಗೆ ತಂಪು ಕೊಡುವುದೇ ದೊಡ್ಡ ಕೆಲಸ. ಈ ವರ್ಗದ ಹಕ್ಕಿಗಳು ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುವುದೂ ಉಂಟು.

ಅದರ ಜೋಡಿ ಬಂದಾಗ ಕೊಕ್ಕಿನಲ್ಲಿ ಬೆರಳುದ್ದದ ಮೀನು ಹೊಳೆಯುತ್ತಿತ್ತು. ಮೀನು ಕೈಬದಲಾಯಿತು. ಆ ಗಳಿಗೆಯಲ್ಲಿ ಮೊಟ್ಟೆ ಕಂಡಿತು. ಕಂಡಿತು ಎಂದು ಹೇಳುವುದೂ ಕಷ್ಟ. ಮಣ್ಣುಬಣ್ಣದ ಮೇಲೆ ಕಂದು ಮಚ್ಚೆ, ಪಕ್ಕದ ಜಲ್ಲಿಗೂ ಅದಕ್ಕೂ ಭೇದವಿಲ್ಲ. ಎರಡು ಅಡಿ ಆಚೆಗೆ ಒಂದು ಕಲ್ಲಿನ ನೆರಳು ಅಲ್ಲಾಡಿತು. ನೆರಳಲ್ಲ, ಮರಿ. ಮೇಲೆ ಹದ್ದು ಸುಳಿದಿತ್ತು. ಮರಿ ಮೈ ನೆಲಕ್ಕೆ ಒತ್ತಿ, ಕತ್ತು ಚಾಚಿ, ಕಲ್ಲಾಗಿಬಿಟ್ಟಿತು. ಅದೇ ಹೊತ್ತಿಗೆ ದಿಬ್ಬದಿಂದ ನೂರಾರು ಹಕ್ಕಿಗಳು ಒಟ್ಟಿಗೆ ಎದ್ದು ಹದ್ದಿನ ಬೆನ್ನು ಹತ್ತಿದವು. ಒಂದೊಂದಾಗಿ ನೋಡಿದರೆ ಸಣ್ಣ ಹಕ್ಕಿ, ಹದ್ದಿನ ಮುಂದೆ ಏನೂ ಅಲ್ಲ. ಒಟ್ಟಿಗೆ ಎದ್ದಾಗ ಹದ್ದು ಜಾಗ ಖಾಲಿ ಮಾಡಲೇಬೇಕಾಯಿತು. ಇಷ್ಟು ಒತ್ತೊತ್ತಾಗಿ ಏಕೆ ಕೂರುತ್ತವೆ ಎಂಬ ನನ್ನ ಮಡಿವಾಳದ ಪ್ರಶ್ನೆಗೆ ಉತ್ತರದ ಇನ್ನೊಂದು ಭಾಗ ಅಲ್ಲಿ ಸಿಕ್ಕಿತು. ಆಕಾಶದಿಂದ ಬರುವ ಶತ್ರುವಿಗೆ ಬಳಗ, ನೆಲದಿಂದ ಬರುವ ಶತ್ರುವಿಗೆ ನೀರು. ಎರಡರಲ್ಲಿ ಒಂದು ತಪ್ಪಿದರೂ ಮರಿ ಉಳಿಯುವುದಿಲ್ಲ.

ಆ ನೀರಿನ ಲೆಕ್ಕ ಬಹಳ ಸೂಕ್ಷ್ಮವಾದದ್ದು. ಮೊಟ್ಟೆ ಒಡೆಯಲು ಮೂರು ವಾರದ ಆಸುಪಾಸು, ಮರಿ ಹಾರಲು ಇನ್ನೂ ನಾಲ್ಕೈದು ವಾರ. ಒಟ್ಟು ಸುಮಾರು ಎರಡು ತಿಂಗಳು ದಿಬ್ಬ ಎದ್ದಿರಬೇಕು, ಜೊತೆಗೆ ದಡದಿಂದ ಬೇರೆಯಾಗಿಯೂ ಇರಬೇಕು. ನೀರು ಇಳಿಯದಿದ್ದರೆ ದಿಬ್ಬವೇ ಇಲ್ಲ. ತಡವಾಗಿ ಇಳಿದರೆ ಮರಿ ಹಾರುವ ಮೊದಲೇ ಮಳೆ ಬಂದು ಮುಳುಗುತ್ತದೆ. ಬರದ ವರ್ಷದಲ್ಲಿ ತೀರಾ ಇಳಿದರೆ ದಿಬ್ಬ ದಡಕ್ಕೆ ಕೂಡಿಕೊಂಡು ನರಿ ನಾಯಿಗಳಿಗೆ ದಾರಿ ಬಿಡುತ್ತದೆ. ಕಡಲ ದ್ವೀಪದ ಉಬ್ಬರ ಇಳಿತಕ್ಕೆ ಪಂಚಾಂಗವಿದೆ, ಹಕ್ಕಿಗಳು ಲಕ್ಷಾಂತರ ವರ್ಷಗಳಿಂದ ಅದನ್ನು ಮೈಯಲ್ಲೇ ಬರೆದುಕೊಂಡಿವೆ. ಭದ್ರೆಯ ಉಬ್ಬರ ಇಳಿತಕ್ಕೆ ಚಂದ್ರನ ಲೆಕ್ಕವಿಲ್ಲ. ಅದನ್ನು ನಿರ್ಧರಿಸುವುದು ನೀರಾವರಿ ಸಲಹಾ ಸಮಿತಿಯ ಸಭೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭದ್ರೆಯ ನೀರು ಎಡದಂಡೆ, ಬಲದಂಡೆ ನಾಲೆಗಳಲ್ಲಿ ಶಿವಮೊಗ್ಗ, ದಾವಣಗೆರೆ ಸೀಮೆಯ ಗದ್ದೆ ತೋಟಗಳಿಗೆ ಹರಿಯುತ್ತದೆ. ಮಳೆಗಾಲದಲ್ಲಿ ತುಂಬಿದ ಜಲಾಶಯದಿಂದ ಬೇಸಿಗೆ ಬೆಳೆಗೆ ಸಾಮಾನ್ಯವಾಗಿ ಜನವರಿಯ ಹೊತ್ತಿಗೆ ನಾಲೆಗೆ ನೀರು ಬಿಡುತ್ತಾರೆ. ಅಲ್ಲಿಂದ ಮೇ ತಿಂಗಳವರೆಗೂ ನೀರು ಇಳಿಯುತ್ತಾ ಹೋಗುತ್ತದೆ. ದಾವಣಗೆರೆಯ ರೈತ ಮಡಿಗೆ ನೀರು ಕಟ್ಟಿ ಭತ್ತದ ಸಸಿ ನೆಟ್ಟನೆಂದರೆ ಎಷ್ಟೋ ಮೈಲಿ ಮೇಲೆ ಲಕ್ಕವಳ್ಳಿಯಲ್ಲಿ ಒಂದು ಗುಡ್ಡದ ನೆತ್ತಿ ಹೊರಗೆ ಬರುತ್ತದೆ. ಆ ರೈತ ನದಿ ರೀವವನ್ನು ನೋಡಿರಲಿಕ್ಕಿಲ್ಲ. ಆದರೂ ಅವನ ಬೇಸಿಗೆ ಭತ್ತವೇ ಅದಕ್ಕೆ ಬಾಣಂತಿಕೋಣೆ ಒದಗಿಸಿಕೊಡುತ್ತಿದೆ. ಕೃಷಿಗೂ ಕಾಡುಜೀವಕ್ಕೂ ಸದಾ ಜಗಳ ಎಂಬ ಮಾತನ್ನು ಕೇಳಿ ಕೇಳಿ ಬೇಸತ್ತ ನನಗೆ ಈ ಸಂಗತಿ ಬಹಳ ಸಂತೋಷ ಕೊಟ್ಟಿತು.

ಸಂತೋಷದ ಜೊತೆಗೆ ಆತಂಕವೂ ಇದೆ. ಯಾರೂ ಉದ್ದೇಶಪಟ್ಟು ಮಾಡದ ಉಪಕಾರ ಯಾವ ವರ್ಷ ಬೇಕಾದರೂ ನಿಲ್ಲಬಹುದು. ನಾಲೆಯ ವೇಳಾಪಟ್ಟಿ ಬದಲಾದರೆ, ನೀರು ಬೇರೆ ಕಡೆಗೆ ತಿರುಗಿದರೆ, ಮುಂಗಾರುಪೂರ್ವ ಮಳೆ ಬಿರುಸಾದರೆ ಹಕ್ಕಿಯ ಕಡೆಯಿಂದ ಮಾತಾಡುವವರು ಯಾರು? ನೀರು ಹಂಚುವ ಸಭೆಯಲ್ಲಿ ರೈತರಿಗೆ, ಕುಡಿಯುವ ನೀರಿಗೆ, ವಿದ್ಯುತ್ತಿಗೆ ಪಾಲು ಕೇಳುವವರಿದ್ದಾರೆ, ಇರಬೇಕು ಕೂಡ. ಏಪ್ರಿಲ್ ಮೇ ತಿಂಗಳಲ್ಲಿ ದಿಬ್ಬ ಎಷ್ಟು ಅಡಿಗೆ ಏಳುತ್ತದೆ, ಎಷ್ಟು ಅಡಿಗೆ ದಡಕ್ಕೆ ಕೂಡುತ್ತದೆ ಎಂಬ ಎರಡು ಅಂಕಿಗಳನ್ನು ಅರಣ್ಯ ಇಲಾಖೆಯವರು ಆ ಸಭೆಯ ಮೇಜಿನ ಮೇಲಿಟ್ಟರೆ ರೈತರ ಪಾಲಿನ ಒಂದು ಹನಿಯೂ ಕಡಿಮೆಯಾಗದೆ ಹಕ್ಕಿಗೂ ಅನುಕೂಲವಾಗುವ ವಾರಗಳು ಸಿಗಬಹುದು ಎಂದು ನಾನು ನಂಬಿದ್ದೇನೆ. ಕೇಳಬೇಕಾಗಿರುವುದು ಹೆಚ್ಚು ನೀರನ್ನೇನೂ ಅಲ್ಲ, ಸರಿಯಾದ ಹೊತ್ತನ್ನು.

ಮನುಷ್ಯ ಕಟ್ಟಿದ ನೀರು ಹಕ್ಕಿಗೆ ನೆಲ ಒದಗಿಸುವುದು ಕನ್ನಡ ನಾಡಿಗೆ ಹೊಸದೂ ಅಲ್ಲ. ರಂಗನತಿಟ್ಟಿನ ತಿಟ್ಟುಗಳು ರೂಪುಗೊಂಡದ್ದು ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645 ಮತ್ತು 1648ರ ನಡುವೆ ಕಾವೇರಿಗೆ ಕಟ್ಟಿದ ಒಡ್ಡಿನಿಂದ. ಹಕ್ಕಿಗಳು ಬಂದು ಸೇರಿ ಎಷ್ಟೋ ತಲೆಮಾರುಗಳಾದ ಮೇಲೆ ಪಕ್ಷಿತಜ್ಞ ಸಲೀಂ ಅಲಿ ಅದನ್ನು ನೋಡಿದರು, ಅವರ ಒತ್ತಾಸೆಯಿಂದ 1940ರಲ್ಲಿ ಮೈಸೂರು ಅರಸರು ಪಕ್ಷಿಧಾಮ ಎಂದು ಘೋಷಿಸಿದರು. ಇಡೀ ಧಾಮ ಒಂದು ಚದರ ಕಿಲೋಮೀಟರೂ ಇಲ್ಲ, 0.67 ಅಷ್ಟೇ. 2022ರಲ್ಲಿ ಜೌಗುಭೂಮಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿ ಕರ್ನಾಟಕದ ಮೊದಲ ರಾಮ್ಸರ್ ತಾಣವಾಯಿತು. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕು ಎಲ್ಲವನ್ನೂ ಶಾಲಾ ಪ್ರವಾಸದಲ್ಲಿ ನೋಡಿದ ನೆನಪು ನಮ್ಮಲ್ಲಿ ಬಹಳ ಮಂದಿಗಿದೆ. ನೀರಿನಲ್ಲಿ ಮೊಸಳೆಗಳಿರುವುದು ಮಕ್ಕಳಿಗೆ ಹೆದರಿಕೆ, ಹಕ್ಕಿಗಳಿಗೆ ಇನ್ನೊಂದು ಸುತ್ತಿನ ಕಾವಲು.

ಅಲ್ಲಿನ ಉಬ್ಬರ ಬರುವುದು ಕೃಷ್ಣರಾಜಸಾಗರದ ಗೇಟಿನಿಂದ. ಕೊಡಗಿನಲ್ಲಿ ಮಳೆ ಸುರಿದು ಅಣೆಕಟ್ಟು 124.80 ಅಡಿಗೆ ತುಂಬಿದಾಗ ನಾವು ಬೆಂಗಳೂರಿನಲ್ಲಿ ನಿಟ್ಟುಸಿರು ಬಿಡುತ್ತೇವೆ, ಈ ವರ್ಷ ನಲ್ಲಿಯಲ್ಲಿ ನೀರು ಬರುತ್ತದೆ ಎಂದು. ಹೆಚ್ಚಾದ ನೀರನ್ನು ಹೊಳೆಗೆ ಬಿಟ್ಟಾಗ ಕೆಳಗಿನ ತಿಟ್ಟುಗಳು ಮುಳುಗುತ್ತವೆ. 2018, 2019ರ ಆಗಸ್ಟಿನಲ್ಲಿ ಹಾಗೆಯೇ ಆಯಿತು. ದೋಣಿ ವಿಹಾರ ನಿಂತಿತು, ಪತ್ರಿಕೆಗಳಲ್ಲಿ ಪ್ರವಾಸಿಗರಿಗೆ ನಿರಾಸೆ ಎಂದು ಬಂತು. ತಗ್ಗಿನ ಕೊಂಬೆಗಳ ಗೂಡುಗಳನ್ನು ಹೊಳೆ ಹೊತ್ತೊಯ್ದದ್ದು ಆ ಸುದ್ದಿಯ ಕೊನೆಯ ಸಾಲಾಯಿತು. ತಿಟ್ಟಿನ ಅಂಚು ಕೊಚ್ಚಿಹೋಗದಂತೆ ಮರಳಿನ ಚೀಲ ಜೋಡಿಸಿ ಕಾಪಾಡುವ ಕೆಲಸ ಅಲ್ಲಿ ನಡೆದಿದೆ. ಹಕ್ಕಿಯ ಮನೆಗೆ ತಡೆಗೋಡೆ ಕಟ್ಟುವ ಆ ಕೈಗಳ ಬಗ್ಗೆ ನನಗೆ ಅಪಾರ ಗೌರವ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ಸಿಗುವ ಮಂಡಗದ್ದೆಯದ್ದೂ ಇದೇ ಪಾಡು. ತುಂಗೆಯ ನಡುವೆ 1.14 ಎಕರೆಯ ಪುಟ್ಟ ನಡುಗಡ್ಡೆ, ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ಹೊಳೆ ಏರಿದ ವರ್ಷ ಮರದ ಕುತ್ತಿಗೆಯವರೆಗೆ ನೀರು.

ನೀರಿಲ್ಲದೆಯೂ ದ್ವೀಪ ಆಗಬಹುದು ಎನ್ನುವುದಕ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಇದೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಹುಣಿಸೆ, ಆಲ, ಅರಳಿ ಮರಗಳಲ್ಲಿ, ಮನೆಗಳ ಹೆಂಚಿನ ಮೇಲೆಯೇ ಎನ್ನುವಷ್ಟು ಹತ್ತಿರ. ಊರಿನವರು ಅವನ್ನು ಮನೆಮಗಳು ಬಾಣಂತನಕ್ಕೆ ತವರಿಗೆ ಬಂದಂತೆ ಕಾಣುತ್ತಾರೆ. ಮರದಡಿ ಗುಂಡಿ ತೋಡಿ ಹಿಕ್ಕೆಯನ್ನು ಗೊಬ್ಬರ ಮಾಡಿಕೊಳ್ಳುತ್ತಾರೆ. 2007ರಲ್ಲಿ ಅದು ಸಮುದಾಯ ಸಂರಕ್ಷಿತ ತಾಣವಾಯಿತು. ನೀರು ಮಾಡುವ ಕೆಲಸವನ್ನು ಅಲ್ಲಿ ಊರಿನ ಮನಸ್ಸು ಮಾಡುತ್ತದೆ. ಹದಿನೈದು ಅಂತಸ್ತಿನ ಅಪಾರ್ಟ್‌ಮೆಂಟುಗಳ ನಮ್ಮ ಬೊಮ್ಮನಹಳ್ಳಿಯಲ್ಲಿ ಆ ಮನಸ್ಸನ್ನು ರಾತ್ರೋರಾತ್ರಿ ತರಲಾಗದು. ಹಾಗಾಗಿ ಇಲ್ಲಿ ನೀರನ್ನೇ ನೆಚ್ಚಿಕೊಳ್ಳಬೇಕು.

ಈ ಕಣ್ಣಿನಿಂದ ಮತ್ತೆ ನಮ್ಮ ಕೆರೆಗಳನ್ನು ನೋಡತೊಡಗಿದೆ. ಬೆಂಗಳೂರಿನಲ್ಲಿ ಕೆರೆ ಅಭಿವೃದ್ಧಿ ಎಂದಾಗಲೆಲ್ಲ ಹೂಳು ತೆಗೆದು ಅದನ್ನೇ ನಡುವೆ ಗುಡ್ಡೆ ಹಾಕಿ ದ್ವೀಪ ಮಾಡುವ ರೂಢಿ ಬೆಳೆದಿದೆ. ಒಳ್ಳೆಯದೇ. ಆದರೆ ದ್ವೀಪ ಮಾಡುವುದು ಮಣ್ಣಲ್ಲ, ಸುತ್ತಲಿನ ಆಳ. ಏಪ್ರಿಲ್‌ನಲ್ಲಿ ಕೆರೆ ಬತ್ತಿ ದಿಬ್ಬದ ಬುಡದವರೆಗೆ ಕೆಸರು ಒಣಗಿದರೆ ಬೀದಿನಾಯಿಗಳು ಸಾಲಾಗಿ ನಡೆದು ಹೋಗುತ್ತವೆ. ನಮ್ಮ ವಲಯದ ಕೆರೆಯೊಂದರಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಬೆಳಿಗ್ಗೆ ಹೋದಾಗ ದಿಬ್ಬದ ಅಂಚಿನಲ್ಲಿ ಗರಿ ಹರಡಿತ್ತು, ಒದ್ದೆ ಕೆಸರಿನಲ್ಲಿ ಪಂಜದ ಗುರುತುಗಳು ಅಚ್ಚೊತ್ತಿದಂತೆ ಕೂತಿದ್ದವು, ಹೋದವು ಮತ್ತು ಬಂದವು.

ನೀರು ಒಂದೇ ದಿನದಲ್ಲಿ ಹೋದದ್ದೂ ಉಂಟು. 2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆಯಿತು. ಕೆಳಗಿನ ಬಡಾವಣೆಗಳಲ್ಲಿ ನೂರಾರು ಮನೆಗಳಿಗೆ ನೀರು ನುಗ್ಗಿತು, ಜನ ಹಾಸಿಗೆ ಬಟ್ಟೆ ಕಾಗದಪತ್ರ ಕಳೆದುಕೊಂಡರು. ಮರುದಿನ ಎಲ್ಲರ ಗಮನ ಆ ಮನೆಗಳ ಕಡೆಗಿತ್ತು, ಅದು ಸಹಜ. ನಾನು ಕೆರೆಯಂಗಳಕ್ಕೂ ಹೋಗಿದ್ದೆ. ಹಿಂದಿನ ದಿನದವರೆಗೆ ನೀರಿದ್ದ ಕಡೆ ಬರೀ ಬೂದು ಕೆಸರು, ಅದರ ನಡುವೆ ಏನೂ ತೋಚದೆ ನಿಂತ ಬಕಗಳು.

ಮಡಿವಾಳ ಕೆರೆಗೆ ಬತ್ತುವ ಭಯ ಕಡಿಮೆ. ಅದಕ್ಕೆ ವರ್ಷವಿಡೀ ನೀರು ಬರುತ್ತದೆ, ಆ ನೀರು ಎಂಥದ್ದು ಎಂದು ಮೂಗು ಹೇಳುತ್ತದೆ. ಇಲ್ಲಿ ತುಂಬಿ ಹರಿದದ್ದು ಅಗರ ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ. ಚರಂಡಿಯ ನೀರು ಹಕ್ಕಿಯ ಬೇಲಿಯನ್ನು ಉಳಿಸುತ್ತಿದೆ, ಅದೇ ನೀರು ಹಕ್ಕಿಯ ಊಟವನ್ನು ಕೆಡಿಸುತ್ತಿದೆ. ಮೀನು ಉಸಿರುಗಟ್ಟಿ ತೇಲಿದ ಬೆಳಗುಗಳು ಈ ನಗರದ ಕೆರೆಗಳಿಗೆ ಅಪರೂಪವಲ್ಲ. ಕೊಳಚೆ ನಿಲ್ಲಿಸಿ ಎಂದು ಕೇಳುವಾಗ, ನಿಲ್ಲಿಸಿದ ಮೇಲೆ ಬೇಸಿಗೆಯ ಆಳಕ್ಕೆ ಶುದ್ಧೀಕರಿಸಿದ ನೀರು ಎಲ್ಲಿಂದ ಎಂದೂ ಕೂಡಲೇ ಕೇಳಬೇಕು. ದಿಬ್ಬಕ್ಕೆ ಸೇತುವೆ, ದೋಣಿ, ಬಣ್ಣದ ದೀಪ ಬೇಕು ಎನ್ನುವವರು ಬಂದೇ ಬರುತ್ತಾರೆ. ಹಿಂದೆ ಈ ಕೆರೆಯಲ್ಲಿ ದೋಣಿ ವಿಹಾರವೂ ಇತ್ತು. ಅವರನ್ನು ಒಂದು ಬೆಳಿಗ್ಗೆ ಏರಿಯ ಮೇಲೆ ನಿಲ್ಲಿಸಿ ಹೆಜ್ಜಾರ್ಲೆ ಗೂಡಿಗೆ ಇಳಿಯುವುದನ್ನು ತೋರಿಸಿದರೆ ಸಾಕು ಎಂದು ನನಗನ್ನಿಸುತ್ತದೆ. ದಡದಿಂದ ನೋಡಿದರೂ ಚೆನ್ನಾಗಿಯೇ ಕಾಣುತ್ತದೆ.

ಭದ್ರೆಯಿಂದ ಬಂದ ಮೇಲೆ ನನ್ನ ಒಂದು ಅಭ್ಯಾಸ ಬದಲಾಗಿದೆ. ಪತ್ರಿಕೆಯ ಮೂಲೆಯಲ್ಲಿ ಜಲಾಶಯಗಳ ನೀರಿನ ಮಟ್ಟ ಎಂದು ಒಂದು ಪುಟ್ಟ ಪಟ್ಟಿ ಬರುತ್ತದಲ್ಲ, ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ನಮ್ಮ ಮನೆಯಲ್ಲಿ ಎಲ್ಲರೂ ನೋಡುವುದು ಕೆಆರ್‌ಎಸ್ ಸಾಲನ್ನು. ಫೆಬ್ರುವರಿ ಬಂತೆಂದರೆ ನನ್ನ ಬೆರಳು ಭದ್ರಾ ಸಾಲಿನ ಮೇಲೆ ನಿಲ್ಲುತ್ತದೆ. ಮೊನ್ನೆ ಮಾವ ಕನ್ನಡಕ ಏರಿಸಿ ಕೇಳಿದರು, ‘ನಮಗೆ ಬರೋದು ಕಾವೇರಿ ನೀರು. ಭದ್ರೆ ಎಷ್ಟಿದ್ರೆ ನಿನಗೇನಪ್ಪಾ?’

‘ಇಳೀತಾ ಇದೆಯಾ ಅಂತ ನೋಡ್ತಾ ಇದೀನಿ ಮಾವ’ ಎಂದೆ.